ಹಾಲು ಮೊಸರಾಗೋದು ಹೇಗೆ?

ಬಯೋಕೆಮಿಸ್ಟ್ರಿ ಅಂದ ಕೂಡಲೇ ನಾವು ಅಮೈನೋ ಆಮ್ಲಗಳ ಪಟ್ಟಿ ಉರು ಹೊಡೆಯೋಕೆ ಕೂರ್ತೀವಿ. ಪರೀಕ್ಷೆ ಮುಗಿದ ಮರುದಿನ ಅದು ಮರೆತೇ ಹೋಗುತ್ತೆ. ಬದಲಿಗೆ ಮೊಸರಿನಿಂದ ಶುರು ಮಾಡೋಣ.

ಹಾಲಿನ ಪಿಎಚ್ ಸುಮಾರು 6.7. ಅದರಲ್ಲಿ ಕೇಸೀನ್ ಎಂಬ ಪ್ರೋಟೀನ್ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಉಂಡೆಗಳ ಮೇಲೆ ನೆಗೆಟಿವ್ ಚಾರ್ಜ್ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆಮ್ಲದ ಪ್ರೋಟಾನುಗಳು ಕೇಸೀನಿಗೆ ಅಂಟುತ್ತಾ ಚಾರ್ಜ್ ಕಡಿಮೆಯಾಗುತ್ತಾ ಹೋಗುತ್ತದೆ. ಪಿಎಚ್ 4.6ರ ಹತ್ತಿರ ಒಟ್ಟು ಚಾರ್ಜ್ ಸೊನ್ನೆ. ತಳ್ಳಾಟ ನಿಂತು ಉಂಡೆಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ, ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಅದೇ ಗಟ್ಟಿ ಮೊಸರು. ಚಾರ್ಜ್ ಸೊನ್ನೆಯಾಗುವ ಆ ಪಿಎಚ್‌ಗೆ ಐಸೋಎಲೆಕ್ಟ್ರಿಕ್ ಪಾಯಿಂಟ್ ಅಂತಾರೆ.

6.7ರಿಂದ 4.6, ಇಷ್ಟೇನಾ ಅನ್ನಿಸುತ್ತಾ? ಪಿಎಚ್ ಲಾಗ್ ಅಳತೆ. ಪ್ರೋಟಾನುಗಳ ಸಾಂದ್ರತೆ ನೂರು ಪಟ್ಟಿಗಿಂತ ಹೆಚ್ಚಾಗಿದೆ!

ನಮ್ಮ ರಕ್ತದ ಪಿಎಚ್ 7.35ರಿಂದ 7.45ರೊಳಗೇ ಇರಬೇಕು. ಅದು ಜಾರಿದರೆ ಪ್ರೋಟೀನುಗಳ ಚಾರ್ಜ್ ಬದಲಾಗಿ ಕೆಲಸ ಕೆಡುತ್ತೆ, ಜೀವಕ್ಕೇ ಅಪಾಯ. ಅದಕ್ಕೇ ಬೈಕಾರ್ಬನೇಟ್ ಬಫರ್ ಹಗಲೂ ರಾತ್ರಿ ಕಾವಲಿರುತ್ತದೆ.

ಹಾಗಾಗಿ ಪ್ರೋಟೀನಿನ ಪ್ರಶ್ನೆ ಬಂದರೆ ಮೊದಲು ಕೇಳೋಣ: ಈ ಪಿಎಚ್‌ನಲ್ಲಿ ಅದರ ಚಾರ್ಜ್ ಏನು? ಅರ್ಧ ಉತ್ತರ ಅಲ್ಲೇ ಸಿಗುತ್ತೆ.