ದೊರ್ಕಳ ಅಂಗಿಗಳು

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 9:36-42

ಯೊಪ್ಪ ಪಟ್ಟಣದಲ್ಲಿ ದೊರ್ಕಳು ತೀರಿಹೋದಾಗ ವಿಧವೆಯರು ಪೇತ್ರನ ಸುತ್ತಲೂ ನಿಂತು, ಆಕೆಯು ಮಾಡಿಕೊಟ್ಟ ಅಂಗಿಗಳನ್ನು ಅಳುತ್ತಾ ತೋರಿಸಿದರು. ಅವರ ಬಾಯಿಂದ ಬಂದ ಹೊಗಳಿಕೆಯ ಮಾತೊಂದೂ ಅಲ್ಲಿ ಬರೆದಿರುವದಿಲ್ಲ. ಹಿರಿಯ ಸ್ತ್ರೀಯರನ್ನು ಸಭೆಯು ಹೇಗೆ ಸ್ಮರಿಸತಕ್ಕದ್ದೆಂಬದನ್ನು ಇದರಿಂದ ಕಲಿಯುತ್ತೇವೆ.

ಪಂಡಿತಾ ರಮಾಬಾಯಿಯವರನ್ನು ಇದೇ ರೀತಿಯಲ್ಲಿ ನೆನಸೋಣ. ಅವರು 1858ರಲ್ಲಿ ನಮ್ಮ ಕನ್ನಡ ಸೀಮೆಯ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ತಂದೆಯು ಲೋಕದ ವಾಡಿಕೆಯನ್ನು ಮೀರಿ ಹೆಂಡತಿಗೆ ಸಂಸ್ಕೃತ ಕಲಿಸಿದನು. ಆ ತಾಯಿಯು ಮಗಳಿಗೆ ಕಲಿಸಿದಳು. ರಮಾಬಾಯಿಯವರು ಬರಗಾಲದಲ್ಲಿ ತಂದೆತಾಯಿಗಳನ್ನೂ, ಎಳೆಯ ಪ್ರಾಯದಲ್ಲಿಯೇ ಗಂಡನನ್ನೂ ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1896ರ ಬರದಲ್ಲಿ ಮಧ್ಯ ಪ್ರಾಂತಗಳಿಗೆ ಹೋಗಿ, ಹಸಿದ ಹೆಣ್ಣುಮಕ್ಕಳನ್ನು ಪುಣೆಯ ಬಳಿಯ ಕೆಡಗಾಂವಕ್ಕೆ ಕರತಂದರು. ಹಸಿವನ್ನು ತಾವೇ ಅನುಭವಿಸಿದವರು ಹಸಿದವರನ್ನು ಮರೆಯಲಿಲ್ಲ.

ಅವರ ಮುಪ್ಪಿನ ಕೆಲಸವನ್ನು ವಿಶೇಷವಾಗಿ ಗಮನಿಸಿರಿ. ಮರಾಠಿ ಸತ್ಯವೇದದಲ್ಲಿದ್ದ ಸಂಸ್ಕೃತದ ಬಿಗಿ ಮಾತುಗಳು ಹಳ್ಳಿಯ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಆದಕಾರಣ ಸಂಸ್ಕೃತ ಪಂಡಿತೆಯೇ ಆಗಿದ್ದ ಅವರು ಇಬ್ರಿಯ ಗ್ರೀಕ ಭಾಷೆಗಳನ್ನು ಕಲಿತು, ಸತ್ಯವೇದವನ್ನು ಸುಲಭವಾದ ಮರಾಠಿಗೆ ತರುವದಕ್ಕೆ ಕೈಹಾಕಿದರು. ಅವರ ಆಶ್ರಯದಲ್ಲಿ ಬೆಳೆದ ಹೆಣ್ಣುಮಕ್ಕಳೇ ಅಚ್ಚುಮೊಳೆಗಳನ್ನು ಜೋಡಿಸಿದರು. 1913ರಲ್ಲಿ ಹೊಸ ಒಡಂಬಡಿಕೆಯು ಹೊರಬಂದಿತು. 1921ರಲ್ಲಿ ಒಬ್ಬಳೇ ಮಗಳಾದ ಮನೋರಮೆಯು ತೀರಿಹೋದಳು. ತಾಯಿಯು ಕೆಲಸವನ್ನು ಬಿಡಲಿಲ್ಲ. ಭಾಷಾಂತರವನ್ನು ಮುಗಿಸಿ, 1922ನೇ ಎಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಇಡೀ ಸತ್ಯವೇದವು 1924ರಲ್ಲಿ ಪ್ರಕಟವಾಯಿತು. ದೊರ್ಕಳ ಅಂಗಿಗಳಂತೆ ಇದೂ ಕೈಯಲ್ಲಿ ಹಿಡಿದು ತೋರಿಸಬಹುದಾದ ಸಾಕ್ಷಿ. ಕೆಡಗಾಂವದ ಆಶ್ರಯವೂ ಇಂದಿನ ವರೆಗೆ ನಿಂತಿದೆ. ಯಾಕಂದರೆ ಕೆಲಸವನ್ನು ಕಲಿತ ಕೈಗಳು ಅಲ್ಲಿದ್ದವು.

ಈಗ ನಮ್ಮ ಸಭೆಗಳನ್ನು ನೋಡಿಕೊಳ್ಳೋಣ. ಮಕ್ಕಳಿಗೆ ಗೀತಗಳನ್ನು ಕಲಿಸುವ, ಬಾಣಂತಿಗೆ ಗಂಜಿ ಒಯ್ಯುವ, ರೋಗಿಯ ಬಳಿಯಲ್ಲಿ ರಾತ್ರಿ ಕೂತಿರುವ ಒಬ್ಬ ಅಜ್ಜಿಯು ಪ್ರತಿ ಊರಿನಲ್ಲಿಯೂ ಇದ್ದಾಳೆ. ಆಕೆಯು ತೀರಿಹೋದ ದಿನ ಸಮಾಧಿಯ ಬಳಿಯಲ್ಲಿ ಬಹಳ ಮಾತುಗಳನ್ನಾಡುತ್ತೇವೆ. ಮುಂದಿನ ಆದಿತ್ಯವಾರ ಮಕ್ಕಳಿಗೆ ಕಲಿಸುವವರೇ ಇಲ್ಲ. ಇಂಥ ಸ್ಮರಣೆಯು ಯಾವ ತರದ್ದು? ಆಕೆಯು ಬದುಕಿರುವಾಗಲೇ ಮನೆಗೆ ಹೋಗಿ, ಯಾರ ಯಾರ ಬಳಿಗೆ ಹೋಗುತ್ತಾಳೆಂದು ವಿಚಾರಿಸಿರಿ. ಒಬ್ಬ ಯುವತಿಯನ್ನು ಆಕೆಯ ಸಂಗಡ ಕಳುಹಿಸಿರಿ. ಅಂಗಿಯನ್ನು ತೋರಿಸಿದರೆ ಸಾಲದು. ಸೂಜಿಯನ್ನು ಹಿಡಿಯುವವರೂ ಬೇಕು.