ಬಳಕೆದಾರರ ಕೈಪಿಡಿಯನ್ನು ಅಳೆಯುವುದು ಹೇಗೆ? ಉಬುಂಟು ಕೈಪಿಡಿಯೊಂದರ ಮೌಲ್ಯಮಾಪನದಿಂದ ಕಲಿತದ್ದು

ಬಿ.ಇಡ್. ಎರಡು ವರ್ಷದ ಕೋರ್ಸ್ ಆದ ಮೇಲೆ ‘ಐಸಿಟಿಯ ವಿಮರ್ಶಾತ್ಮಕ ಅರಿವು’ ನಮ್ಮ ಪ್ರಶಿಕ್ಷಣಾರ್ಥಿಗಳ ಪ್ರಾಯೋಗಿಕ ಕಾರ್ಯದ ಭಾಗವಾಗಿದೆ. ನಮ್ಮ ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ ವಿಂಡೋಸ್ ಬದಲು ಉಬುಂಟು ಬಳಸುತ್ತೇವೆ. ಉಬುಂಟು ಎಂಬುದು ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ. ಹಣ ಕೊಡಬೇಕಾಗಿಲ್ಲ, ಎಷ್ಟು ಯಂತ್ರಗಳಿಗೆ ಬೇಕಾದರೂ ಹಾಕಿಕೊಳ್ಳಬಹುದು. ಆದರೆ ಹೊಸದಾಗಿ ಬರುವ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ವಿಂಡೋಸ್ ಮಾತ್ರ ಬಲ್ಲವರು. ಆದ್ದರಿಂದ ಅವರ ಕೈಗೆ ಒಂದು ಒಳ್ಳೆಯ ಕೈಪಿಡಿ ಕೊಡುವುದು ಅಗತ್ಯವಾಯಿತು. ಅದನ್ನು ಆರಿಸುವ ಕೆಲಸ ನನಗೆ ಬಂತು.

ಆ ಕೆಲಸವನ್ನು ನಾನು ಮೊದಲು ಹೇಗೆ ತಪ್ಪಾಗಿ ಮಾಡಿದೆ, ಆಮೇಲೆ ಹೇಗೆ ತಿದ್ದಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೈಪಿಡಿಯ ಹೆಸರು ಇಲ್ಲಿ ಮುಖ್ಯವಲ್ಲ. ಪಠ್ಯಪುಸ್ತಕ, ಪ್ರಯೋಗ ಪುಸ್ತಕ, ಪಾಠ ಯೋಜನೆ ಯಾವುದನ್ನು ಅಳೆಯುವಾಗಲೂ ಇದೇ ತಪ್ಪು ಆಗಬಹುದು.

ಮೊದಲ ಮೌಲ್ಯಮಾಪನ

ಕೈಪಿಡಿ ಕನ್ನಡದಲ್ಲಿತ್ತು, ಸುಮಾರು ನೂರು ಪುಟ. ಪಠ್ಯಪುಸ್ತಕ ವಿಶ್ಲೇಷಣೆಗೆ ನಾವು ಬಳಸುವ ಶೀರ್ಷಿಕೆಗಳನ್ನೇ ಇದಕ್ಕೂ ಬಳಸಿದೆ: ವಿಷಯದ ನಿಖರತೆ, ಭಾಷೆ, ಚಿತ್ರಗಳು, ಅಧ್ಯಾಯಗಳ ಕ್ರಮ, ಮುದ್ರಣ. ಒಂದೊಂದಕ್ಕೆ 10 ಅಂಕ. ಎರಡು ಸಂಜೆ ಕುಳಿತು ಓದಿದೆ. ನಾನು ಹತ್ತು ವರ್ಷದಿಂದ ಲಿನಕ್ಸ್ ಬಳಸುತ್ತಿರುವುದರಿಂದ ಎಲ್ಲವೂ ಸರಳವಾಗಿ ಅರ್ಥವಾಯಿತು. ತಪ್ಪು ಮಾಹಿತಿ ಎಲ್ಲಿಯೂ ಕಾಣಲಿಲ್ಲ. 50ಕ್ಕೆ 43 ಅಂಕ ಕೊಟ್ಟು, ‘ಪ್ರಶಿಕ್ಷಣಾರ್ಥಿಗಳಿಗೆ ಅತ್ಯಂತ ಉಪಯುಕ್ತ’ ಎಂದು ಬರೆದು ಸಹಿ ಮಾಡಿದೆ. ಗ್ರಂಥಾಲಯಕ್ಕೆ ಪ್ರತಿಗಳು ಬಂದವು.

ಪಾಠದ ದಿನ ನಡೆದದ್ದು

ಅಂತಿಮ ಬೋಧನಾಭ್ಯಾಸದ ವಾರ. ಎಂಟನೆಯ ತರಗತಿಗೆ ‘ಜೀವಕೋಶ’ ಪಾಠ ಮಾಡಬೇಕಿದ್ದ ಪ್ರಶಿಕ್ಷಣಾರ್ಥಿಯೊಬ್ಬರ ವೀಕ್ಷಣೆಗೆ ನಾನು ಹೋಗಿದ್ದೆ. ಪಾಠ ಯೋಜನೆಯ ಬೋಧನೋಪಕರಣದ ಕಾಲಂನಲ್ಲಿ ‘ಸ್ಲೈಡ್ ಪ್ರದರ್ಶನ’ ಎಂದಿತ್ತು. ತರಗತಿಯಲ್ಲಿ ಸ್ಲೈಡ್ ಇರಲಿಲ್ಲ. ಅವರು ಸೀಮೆಸುಣ್ಣದಲ್ಲಿ ಸಸ್ಯಕೋಶ, ಪ್ರಾಣಿಕೋಶ ಎರಡನ್ನೂ ಅವಸರದಲ್ಲಿ ಬರೆದರು. ಕೈ ನಡುಗುತ್ತಿತ್ತು. ಚಿತ್ರ ಬರೆಯುವುದರಲ್ಲೇ ಹನ್ನೆರಡು ನಿಮಿಷ ಹೋಯಿತು, ಮೌಲ್ಯಮಾಪನದ ಪ್ರಶ್ನೆಗಳಿಗೆ ಸಮಯ ಉಳಿಯಲಿಲ್ಲ. ನಾನು ವೀಕ್ಷಣಾ ಪಟ್ಟಿಯಲ್ಲಿ ‘ಬೋಧನೋಪಕರಣಗಳ ಪೂರ್ವಸಿದ್ಧತೆ ಇಲ್ಲ’ ಎಂದು ಬರೆದೆ.

ಪಾಠ ಮುಗಿದ ಮೇಲೆ ಕೇಳಿದೆ: “ಸ್ಲೈಡ್ ಎಲ್ಲಮ್ಮ?”

“ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದ್ದೆ ಮೇಡಂ. ಬೆಳಿಗ್ಗೆ ತೆಗೆದರೆ ಏನೂ ಇಲ್ಲ. ಸೇವ್ ಮಾಡಿದ್ದೆ, ನಿಜವಾಗಿ ಮಾಡಿದ್ದೆ.”

ವಿವರ ಕೇಳಿದಾಗ ವಿಷಯ ತಿಳಿಯಿತು. ಮನೆಯಲ್ಲಿದ್ದದ್ದು ಅವರ ಅಣ್ಣನ ಲ್ಯಾಪ್‌ಟಾಪ್. ಅದರಲ್ಲಿದ್ದ ವಿಂಡೋಸ್‌ಗೆ ತೊಂದರೆಯಾಗಬಾರದೆಂದು ಅವರು ಪೆನ್‌ಡ್ರೈವ್‌ನಿಂದಲೇ ಉಬುಂಟು ಚಲಾಯಿಸಿದ್ದರು. ಆರಂಭದ ಪರದೆಯಲ್ಲಿ ‘ಟ್ರೈ ಉಬುಂಟು’, ‘ಇನ್‌ಸ್ಟಾಲ್ ಉಬುಂಟು’ ಎಂಬ ಎರಡು ಆಯ್ಕೆ ಬರುತ್ತವೆ. ಮೊದಲನೆಯದನ್ನು ಒತ್ತಿದರೆ ಕಂಪ್ಯೂಟರಿಗೆ ಯಾವ ಬದಲಾವಣೆಯೂ ಆಗುವುದಿಲ್ಲ ಎಂದು ಕೈಪಿಡಿ ಹೇಳುತ್ತದೆ. ಅವರು ಅದನ್ನೇ ಒತ್ತಿ, ಸ್ಲೈಡ್ ತಯಾರಿಸಿ, ‘ಡಾಕ್ಯುಮೆಂಟ್ಸ್’ ಕಡತಕೋಶದಲ್ಲಿ ಉಳಿಸಿ, ಯಂತ್ರ ಆರಿಸಿ ಮಲಗಿದ್ದರು.

ಹೀಗೆ ಚಲಾಯಿಸಿದಾಗ ನಾವು ಉಳಿಸಿದ್ದೆಲ್ಲ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿ, ಅಂದರೆ ರ‍್ಯಾಮ್‌ನಲ್ಲಿ ಇರುತ್ತದೆ. ಯಂತ್ರ ಆರಿದೊಡನೆ ಹೋಗಿಬಿಡುತ್ತದೆ. ಬೇರೊಂದು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡರೆ ಮಾತ್ರ ಉಳಿಯುತ್ತದೆ. ಕೈಪಿಡಿಯಲ್ಲಿ ಈ ಮಾತು ಇರಲಿಲ್ಲ. ಕಂಪ್ಯೂಟರಿಗೆ ಏನೂ ಆಗುವುದಿಲ್ಲ ಎಂಬ ಅದರ ವಾಕ್ಯ ನೂರಕ್ಕೆ ನೂರು ಸರಿ. ಆ ವಾಕ್ಯವನ್ನು ನಾನೂ ಓದಿದ್ದೆ, ಸರಿಯಿದೆ ಎಂದು ಮುಂದೆ ಹೋಗಿದ್ದೆ. ಕೆಲಸ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿದ್ದರಿಂದ, ಅದನ್ನು ಬರೆದಿಲ್ಲ ಎಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ವೀಕ್ಷಣಾ ಪಟ್ಟಿಯ ಷರಾವನ್ನು ಹೊಡೆದು ಹಾಕಿ, ಅವರಿಗೆ ಮತ್ತೊಂದು ಪಾಠದ ಅವಕಾಶ ಕೊಡಬೇಕೆಂದು ಪ್ರಾಂಶುಪಾಲರಿಗೆ ಬರೆದುಕೊಟ್ಟೆ. ಸಿದ್ಧತೆ ಇಲ್ಲದೆ ಬಂದವಳು ಆ ಹುಡುಗಿಯಲ್ಲ. ಸಿದ್ಧತೆಯಿಲ್ಲದೆ ಸಹಿ ಮಾಡಿದವಳು ನಾನು.

ಎರಡನೆಯ ಮೌಲ್ಯಮಾಪನ: ಓದುವ ಬದಲು ನೋಡುವುದು

ಮುಂದಿನ ವಾರ ಸೂಕ್ಷ್ಮ ಬೋಧನೆಯ ಮಾದರಿಯಲ್ಲಿ ಒಂದು ಪ್ರಯೋಗ ಮಾಡಿದೆವು. ಉಬುಂಟು ಮುಟ್ಟದ ಆರು ಜನ ಪ್ರಶಿಕ್ಷಣಾರ್ಥಿಗಳನ್ನು ಮೂರು ಜೋಡಿ ಮಾಡಿದೆ. ಪ್ರತಿ ಜೋಡಿಯಲ್ಲಿ ಒಬ್ಬರು ಕೈಪಿಡಿ ನೋಡಿಕೊಂಡು ಕೆಲಸ ಮಾಡಬೇಕು. ಇನ್ನೊಬ್ಬರು ಪಕ್ಕದಲ್ಲಿ ಕುಳಿತು, ಬೆರಳು ಎಲ್ಲಿ ನಿಂತಿತು, ಯಾವ ಪುಟಕ್ಕೆ ಹಿಂದೆ ತಿರುಗಿದರು, ಏನು ಗೊಣಗಿದರು ಎಂಬುದನ್ನು ಬರೆದುಕೊಳ್ಳಬೇಕು. ಸಹಾಯ ಮಾಡುವಂತಿಲ್ಲ. ನಾನೂ ಬಾಯಿ ತೆರೆಯುವಂತಿಲ್ಲ. ಒಂದು ಅವಧಿ, 40 ನಿಮಿಷ. ಮೂರು ಕೆಲಸ ಕೊಟ್ಟೆ.

ಮೊದಲನೆಯದು, ಕನ್ನಡದಲ್ಲಿ ಐದು ಸಾಲು ಬೆರಳಚ್ಚಿಸಿ ಉಳಿಸುವುದು. ಮೂವರೂ ಒಂದೇ ಜಾಗದಲ್ಲಿ ನಿಂತರು. ಕೈಪಿಡಿ ಬರೆದದ್ದು 18.04 ಆವೃತ್ತಿಗೆ, ನಮ್ಮ ಯಂತ್ರಗಳಲ್ಲಿದ್ದದ್ದು 22.04. ಉಬುಂಟು ಆವೃತ್ತಿಯ ಸಂಖ್ಯೆಯಲ್ಲಿ ಮೊದಲ ಭಾಗ ವರ್ಷ, ಎರಡನೆಯದು ತಿಂಗಳು, 18.04 ಎಂದರೆ 2018ರ ಏಪ್ರಿಲ್. ಹಳೆಯದರಲ್ಲಿ ಭಾಷೆ ಸೇರಿಸುವ ‘ಇನ್‌ಪುಟ್ ಸೋರ್ಸಸ್’ ಎಂಬುದು ಸೆಟ್ಟಿಂಗ್ಸ್‌ನ ‘ರೀಜನ್ ಅಂಡ್ ಲಾಂಗ್ವೇಜ್’ ಒಳಗಿತ್ತು. ಹೊಸದರಲ್ಲಿ ಅದು ‘ಕೀಬೋರ್ಡ್’ ಒಳಗೆ ಹೋಗಿದೆ. ಪುಸ್ತಕ ತೋರಿಸಿದ ಜಾಗದಲ್ಲಿ ಅದು ಇಲ್ಲ. ಒಬ್ಬರು ಹುಡುಕಿ ಹುಡುಕಿ ಕಂಡುಕೊಂಡರು. ಇಬ್ಬರು ಯಂತ್ರವೇ ಸರಿಯಿಲ್ಲ ಎಂದುಕೊಂಡು ಕೈಬಿಟ್ಟರು.

ಎರಡನೆಯದು, ಒಬ್ಬ ಶಿಕ್ಷಕರಿಂದ ಪಡೆದ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆರೆದು ತಿದ್ದುವುದು. ಕಡತ ತೆರೆಯಿತು, ಕನ್ನಡ ಕಾಣಲಿಲ್ಲ. ಬದಲಿಗೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಇದು ನಮ್ಮ ಶಾಲೆಗಳಲ್ಲಿ ದಿನವೂ ಎದುರಾಗುವ ಸಮಸ್ಯೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಕಡತದೊಳಗೆ ಇರುವುದು ರೋಮನ್ ಲಿಪಿಯ ಸಂಕೇತಗಳೇ. ಆ ಫಾಂಟು ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿವೆ, ಹಾಗಾಗಿ ಈ ತೊಂದರೆ ಇಲ್ಲ. ಹಳೆಯ ಕಡತವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬಹುದು. ಕನ್ನಡ ಶಿಕ್ಷಕರಿಗಾಗಿ ಎಂದು ಮುಖಪುಟದಲ್ಲೇ ಹೇಳಿಕೊಂಡ ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮೂರನೆಯದು, ಟರ್ಮಿನಲ್‌ನಲ್ಲಿ ಆದೇಶ ಕೊಟ್ಟು ಒಂದು ತಂತ್ರಾಂಶ ಹಾಕಿಕೊಳ್ಳುವುದು. ‘ಸುಡೊ’ ಆದೇಶ ಕೊಟ್ಟಾಗ ಯಂತ್ರ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಒತ್ತುವಾಗ ಪರದೆಯ ಮೇಲೆ ಚುಕ್ಕೆಯಾಗಲಿ ನಕ್ಷತ್ರವಾಗಲಿ ಮೂಡುವುದಿಲ್ಲ. ಕೈಪಿಡಿಯಲ್ಲಿ ‘ಪಾಸ್‌ವರ್ಡ್ ನೀಡಿ’ ಎಂದಷ್ಟೇ ಇತ್ತು. ಇಬ್ಬರು ಕೀಲಿಮಣೆ ಕೆಟ್ಟಿದೆ ಎಂದುಕೊಂಡರು. ಒಬ್ಬರು ಯಂತ್ರವನ್ನೇ ಆರಿಸಿ ಮತ್ತೆ ಹೊತ್ತಿಸಿದರು.

ಪ್ರಯೋಗ ಮುಗಿದ ಮೇಲೆ ಹಳೆಯ ಅಂಕಪಟ್ಟಿ ತೆಗೆದು ನೋಡಿದೆ. ‘ವಿಷಯದ ನಿಖರತೆ’ಗೆ ಕೊಟ್ಟಿದ್ದ 9 ಅಂಕವನ್ನು ಇಳಿಸಲು ನನಗೆ ಕಾರಣ ಸಿಗಲಿಲ್ಲ. ತನ್ನ ಆವೃತ್ತಿಗೆ ಅದು ಹೇಳಿದ್ದೆಲ್ಲ ನಿಜವೇ. ಹೇಳದೆ ಬಿಟ್ಟದ್ದನ್ನು ಹಿಡಿಯಲು ನನ್ನ ಐದು ಶೀರ್ಷಿಕೆಗಳಲ್ಲಿ ಜಾಗವೇ ಇರಲಿಲ್ಲ.

ಹೊಸ ಪ್ರಶ್ನೆಗಳು

ಆರು ಜನರ ಟಿಪ್ಪಣಿಗಳನ್ನು ಒಟ್ಟಿಗೆ ಇಟ್ಟುಕೊಂಡು ನಾವು ಈ ಪ್ರಶ್ನೆಗಳನ್ನು ತಯಾರಿಸಿದೆವು. ಅಂಕ ಬೇಡ, ‘ಹೌದು’ ಅಥವಾ ‘ಇಲ್ಲ’ ಸಾಕು. ಜೊತೆಗೆ ಪುಟಸಂಖ್ಯೆ ಬರೆಯಬೇಕು.

1. ಯಾವ ಆವೃತ್ತಿಗೆ ಬರೆದದ್ದು ಎಂದು ಮೊದಲ ಪುಟಗಳಲ್ಲೇ ಹೇಳಿದೆಯೇ? ನಮ್ಮ ಯಂತ್ರದಲ್ಲಿರುವುದೂ ಅದೇ ಆವೃತ್ತಿಯೇ?
2. ಓದುಗನಿಗೆ ಯಾವ ಪೂರ್ವಜ್ಞಾನ ಇರಬೇಕೆಂದು ಹೇಳಿದೆಯೇ?
3. ಪ್ರತಿ ಹೆಜ್ಜೆಯ ನಂತರ ಪರದೆಯ ಮೇಲೆ ಏನು ಕಾಣಬೇಕು, ಕಾಣದಿದ್ದರೆ ಏನು ಮಾಡಬೇಕು ಎಂದು ಹೇಳಿದೆಯೇ?
4. ಹಿಂದಿರುಗಲಾಗದ ಹೆಜ್ಜೆಗೆ ಮೊದಲೇ ಎಚ್ಚರಿಕೆ ಕೊಟ್ಟಿದೆಯೇ?
5. ನಾನು ಮಾಡಿದ ಕೆಲಸ ಎಲ್ಲಿ ಉಳಿಯುತ್ತದೆ, ಯಾವಾಗ ಹೋಗುತ್ತದೆ ಎಂದು ತಿಳಿಸಿದೆಯೇ?
6. ವಿಂಡೋಸ್‌ನಿಂದ ಬರುವವರ ಹಳೆಯ ಕಡತಗಳ ಗತಿ ಏನು ಎಂದು ಹೇಳಿದೆಯೇ?
7. ಕೈಪಿಡಿಯನ್ನು ತಿದ್ದಿ ಮರುಮುದ್ರಿಸಲು ಅನುಮತಿ ಇದೆಯೇ?

ನಾಲ್ಕನೆಯ ಪ್ರಶ್ನೆಯ ಹಿನ್ನೆಲೆ ಹೇಳಬೇಕು. ಇನ್‌ಸ್ಟಾಲ್ ಮಾಡುವಾಗ ‘ಇರೇಸ್ ಡಿಸ್ಕ್’ ಎಂಬ ಆಯ್ಕೆ ಬರುತ್ತದೆ. ಅದನ್ನು ಆರಿಸಿ ಮುಂದುವರಿದರೆ ಆ ಡಿಸ್ಕಿನಲ್ಲಿದ್ದ ವಿಂಡೋಸ್, ಕಡತ, ಫೋಟೊ ಎಲ್ಲವೂ ಅಳಿಸಿಹೋಗುತ್ತವೆ. ಕೈಪಿಡಿಯಲ್ಲಿ ಈ ಎಚ್ಚರಿಕೆ ಇತ್ತು, ಆದರೆ ಆ ಹೆಜ್ಜೆ ಮುಗಿದ ಮೇಲೆ, ಪುಟ ತಿರುಗಿಸಿದ ನಂತರ. ಪುಸ್ತಕ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಅನುಸರಿಸುವವನು ಎಚ್ಚರಿಕೆ ಓದುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಇದನ್ನು ನಾವು ಪ್ರಯೋಗಿಸಿ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ.

ಬೋಧನಾಭ್ಯಾಸಕ್ಕೆ ಸಂಬಂಧ

ಪ್ರಶಿಕ್ಷಣಾರ್ಥಿ ಮಿತ್ರರು ಗಮನಿಸಬೇಕಾದದ್ದು ಇಷ್ಟು. ನೀವು ಬರೆಯುವ ಪಾಠ ಯೋಜನೆಯೂ ಒಂದು ಕೈಪಿಡಿಯೇ. ರಸಾಯನಶಾಸ್ತ್ರದ ಪ್ರಯೋಗದಲ್ಲಿ ‘ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಿ, ಆಮ್ಲಕ್ಕೆ ನೀರು ಹಾಕಬೇಡಿ’ ಎಂಬ ಮಾತನ್ನು ಮಕ್ಕಳು ಬೀಕರ್ ಹಿಡಿಯುವ ಮೊದಲು ಹೇಳುತ್ತೀರೋ, ಹಿಡಿದ ಮೇಲೋ? ‘ಎಲ್ಲರಿಗೂ ಅರ್ಥವಾಯಿತೇ?’ ಎಂದು ಕೇಳಿ ತೃಪ್ತರಾಗುತ್ತೀರೋ, ಒಬ್ಬ ಹುಡುಗನ ಬೆರಳು ಎಲ್ಲಿ ನಿಂತಿದೆ ಎಂದು ನೋಡುತ್ತೀರೋ? ವಿಷಯ ಬಲ್ಲವರಿಗೆ ಪುಸ್ತಕದಲ್ಲಿನ ಖಾಲಿ ಜಾಗ ಕಾಣುವುದಿಲ್ಲ. ತಮ್ಮ ತಿಳಿವಳಿಕೆಯಿಂದಲೇ ಅದನ್ನು ತುಂಬಿಕೊಂಡು ಓದುತ್ತಾರೆ. ಆದ್ದರಿಂದ ಕಲಿಯುವವರ ಪುಸ್ತಕವನ್ನು ಕಲಿಯುವವರ ಕೈಯಲ್ಲಿಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು ಅಳೆಯಬೇಕು. ಸುಮ್ಮನೆ ಕೂರುವುದು ಸುಲಭವಲ್ಲ. ಆ 40 ನಿಮಿಷದಲ್ಲಿ ಮೂರು ಸಲ ನನ್ನ ಬಾಯಿಗೆ ಉತ್ತರ ಬಂದಿತ್ತು.

ಕೈಪಿಡಿಯ ಬಗ್ಗೆ ನ್ಯಾಯವಾಗಿ

ಆ ಕೈಪಿಡಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರ ಕನ್ನಡ ತಿಳಿಯಾಗಿದೆ, ಲಿಬ್ರೆ ಆಫೀಸ್ ಕುರಿತ ಅಧ್ಯಾಯ ಬಹಳ ಚೆನ್ನಾಗಿದೆ. ಆವೃತ್ತಿ ಬದಲಾದದ್ದು ಲೇಖಕರ ತಪ್ಪಲ್ಲ. 18.04ಕ್ಕೆ ಸಾಮಾನ್ಯ ಬೆಂಬಲ ಇದ್ದದ್ದು ಐದು ವರ್ಷ. ಮುದ್ರಿತ ಪುಸ್ತಕ ಅದಕ್ಕಿಂತ ಹೆಚ್ಚು ಕಾಲ ಕಪಾಟಿನಲ್ಲಿರುತ್ತದೆ. ಏಳನೆಯ ಪ್ರಶ್ನೆಗೆ ಉತ್ತರ ‘ಹೌದು’ ಎಂದಿತ್ತು. ಮೂಲ ಲೇಖಕರ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚುವುದಾದರೆ ಯಾರು ಬೇಕಾದರೂ ತಿದ್ದಬಹುದು ಎಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅದಕ್ಕಿದೆ.

ಆದ್ದರಿಂದ ಪುಸ್ತಕವನ್ನು ಹಿಂದಿರುಗಿಸಲಿಲ್ಲ. ಆ ಆರು ಜನ ಸೇರಿ ನಾಲ್ಕು ಪುಟದ ಪೂರಕ ಹಾಳೆ ಬರೆದರು: ಕನ್ನಡ ಕೀಲಿಮಣೆ ಈಗ ಎಲ್ಲಿದೆ, ಹಳೆಯ ನುಡಿ ಕಡತವನ್ನು ಏನು ಮಾಡಬೇಕು, ಪಾಸ್‌ವರ್ಡ್ ಏಕೆ ಕಾಣುವುದಿಲ್ಲ, ಡಿಸ್ಕ್ ಅಳಿಸುವ ಮುನ್ನ ಏನು ನೋಡಬೇಕು. ಅದನ್ನು ಪ್ರತಿಯೊಂದು ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದ್ದೇವೆ. ಹಾಳೆಯ ಮೊದಲ ಸಾಲನ್ನು ಮಾತ್ರ ಬೇರೆಯವರು ಬರೆದರು. ಜೀವಕೋಶದ ಪಾಠವನ್ನು ಎರಡನೆಯ ಸಲ ಮಾಡಿ, ಈ ಬಾರಿ ಸ್ಲೈಡ್ ತೋರಿಸಿ, ಚೆನ್ನಾಗಿ ಮುಗಿಸಿದ ಪ್ರಶಿಕ್ಷಣಾರ್ಥಿ ಅವರು: ‘ಟ್ರೈ ಉಬುಂಟು ಒತ್ತಿದ್ದರೆ, ಯಂತ್ರ ಆರಿಸುವ ಮೊದಲು ನಿಮ್ಮ ಕೆಲಸವನ್ನು ಬೇರೆ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.’