ಒಂಟಿ ದನದ ಬೆದೆ

ಕೊಚ್ಚಿಯ ಸುತ್ತಮುತ್ತ, ವೈಪಿನ್ ದ್ವೀಪದಲ್ಲಾಗಲಿ ಪರವೂರಿನ ಕಡೆಯಾಗಲಿ, ನಾನು ದನಗಳ ಚಿಕಿತ್ಸೆಗೆ ಹೋಗುತ್ತಿದ್ದ ಹೆಚ್ಚಿನ ಮನೆಗಳ ಹಟ್ಟಿಯಲ್ಲಿ ಇರುತ್ತಿದ್ದುದು ಒಂದೇ ದನ. ಬೆದೆಗೆ ಬಂದ ದನದ ಖಚಿತ ಗುರುತೆಂದರೆ ಇನ್ನೊಂದು ದನ ಮೈಮೇಲೆ ಹತ್ತಿದಾಗ ಅದು ಕದಲದೆ ನಿಲ್ಲುವುದು. ಹತ್ತುವುದಕ್ಕೆ ಇನ್ನೊಂದಿಲ್ಲದ ಹಟ್ಟಿಯಲ್ಲಿ ಆ ಗುರುತು ಕಾಣುವುದೇ ಇಲ್ಲ. ಬದಿಯಡ್ಕದ ನಮ್ಮೂರಲ್ಲಿ ಗುಡ್ಡಕ್ಕೆ ಮೇಯಲು ಬಿಟ್ಟ ಕಾಸರಗೋಡು ಗಿಡ್ಡ ತಳಿಯ ದನಗಳ ಬೆದೆಯನ್ನು ಹೋರಿಯೇ ಮೂಸಿ ಪತ್ತೆಹಚ್ಚುತ್ತಿತ್ತು. ಆದರೆ ಕೇರಳದ ಹಾಲಿನ ಚರಿತ್ರೆ ಬೇರೆ ದಾರಿ ಹಿಡಿಯಿತು. 1963ರಲ್ಲಿ ಮುನ್ನಾರ್ ಹತ್ತಿರದ ಮಾಟ್ಟುಪೆಟ್ಟಿಯಲ್ಲಿ ಇಂಡೋ-ಸ್ವಿಸ್ ಯೋಜನೆ ಶುರುವಾಯಿತು. ಬ್ರೌನ್ ಸ್ವಿಸ್ ಹೋರಿಗಳ ವೀರ್ಯದಿಂದ ಸುನಂದಿನಿ ತಳಿ ಬೆಳೆಯಿತು, ಶೀತಲೀಕರಿಸಿದ ವೀರ್ಯದ ಕಡ್ಡಿ ಹಳ್ಳಿಹಳ್ಳಿಗೆ ತಲುಪಿತು. ಹಾಲು ಹೆಚ್ಚಿತು, ಊರ ಹೋರಿ ಮರೆಯಾಯಿತು. ಹೋರಿಯ ಮೂಗು ಮಾಡುತ್ತಿದ್ದ ಕೆಲಸ ಮನೆಯವರ ಕಣ್ಣಿಗೆ ಬಿತ್ತು.

ಆ ಕಣ್ಣಿಗೆ ಸಿಗುವ ಹೊತ್ತಾದರೂ ಎಷ್ಟು! 21 ದಿನಗಳ ಚಕ್ರದಲ್ಲಿ ಬೆದೆ ಇರುವುದು 12ರಿಂದ 18 ಗಂಟೆ, ಅದರಲ್ಲೂ ಬಹಳಷ್ಟು ರಾತ್ರಿಯಲ್ಲೇ ಕಳೆದುಹೋಗುತ್ತದೆ. ಸೆಕೆಗೆ ಬಸವಳಿದ ಮಿಶ್ರತಳಿಯ ದನದಲ್ಲಿ ಇನ್ನೂ ಕಡಿಮೆ. ತಪ್ಪಿದರೆ ಮತ್ತೆ ಮೂರು ವಾರ ಹಿಂಡಿಗೆ ದುಡ್ಡು ಸುರಿದು ಕಾಯಬೇಕು. ಹಾಗಾಗಿಯೇ ಎಲ್ಲರೂ ಕೇಳುತ್ತಿದ್ದುದು ಒಂದನ್ನೇ: ಬೆದೆ ಬರಿಸುವ ಇಂಜೆಕ್ಷನ್ ಕೊಡಿ.

ಇಂಜೆಕ್ಷನ್ ಇದೆ. ಆದರೆ ಅದು ಏನು ಮಾಡುತ್ತದೆ ಎಂಬುದನ್ನು ಹಟ್ಟಿಯಲ್ಲೇ ನಿಂತು ವಿವರಿಸುವುದು ನನ್ನ ಕೆಲಸದ ಮುಖ್ಯ ಭಾಗವಾಯಿತು. ಅಂಡ ಬಿಡುಗಡೆಯಾದ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಗಂಟು ಬೆಳೆದು ಪ್ರೊಜೆಸ್ಟರಾನ್ ಸುರಿಸುತ್ತದೆ. ಆ ಹಾರ್ಮೋನು ಇರುವವರೆಗೆ ಮುಂದಿನ ಬೆದೆಗೆ ತಡೆ. ಗರ್ಭ ನಿಲ್ಲದಿದ್ದರೆ 16-17ನೇ ದಿನದ ಹೊತ್ತಿಗೆ ಗರ್ಭಕೋಶವೇ ಪ್ರೋಸ್ಟಗ್ಲ್ಯಾಂಡಿನ್ ಕಳಿಸಿ ಗಂಟನ್ನು ಕರಗಿಸುತ್ತದೆ, ತಡೆ ಕಳಚುತ್ತದೆ, ಅಂಡವನ್ನು ಹೊತ್ತ ಹೊಸ ಕೋಶಿಕೆ ಬಲಿಯುತ್ತದೆ, ದನ ಬೆದೆಗೆ ಬರುತ್ತದೆ. ನಾವು ಕೊಡುವ ಕ್ಲೋಪ್ರೋಸ್ಟೆನಾಲ್ ಮಾಡುವುದೂ ಅದನ್ನೇ, ಕೆಲವು ದಿನ ಮೊದಲೇ. ಕರಗಿಸಲು ಗಂಟು ಇರಬೇಕು, ಅದು ಬಲಿತಿರಬೇಕು. ಬೆದೆಯಾದ ಮೊದಲ ಐದು ದಿನಗಳಲ್ಲಿ ಚುಚ್ಚಿದರೆ ಔಷಧ ದಂಡ.

ಗಬ್ಬದ ದನದಲ್ಲೂ ಅದೇ ಗಂಟು ಇರುತ್ತದೆ. ಆ ಗಂಟೇ ಗರ್ಭವನ್ನು ಕಾಯುತ್ತಿರುತ್ತದೆ. ತಿಂಗಳುಗಟ್ಟಲೆ ಬೆದೆಗೆ ಬಂದಿಲ್ಲವೆಂದು ಯಾರೋ ಪರೀಕ್ಷಿಸದೆ ಚುಚ್ಚಿ ಹೋದ ಒಂದು ದನ ಕಂದು ಹಾಕಿದ್ದನ್ನು ಕಂಡಿದ್ದೇನೆ. ಹಟ್ಟಿಯ ಹೆಂಗಸು ಬಾಲ್ದಿ ಹಿಡಿದು ಸುಮ್ಮನೆ ನಿಂತಿದ್ದರು. ಅಂದಿನಿಂದ ಕೈಹಾಕಿ ಗರ್ಭಕೋಶ, ಅಂಡಾಶಯ ಮುಟ್ಟಿ ನೋಡದೆ ಈ ಔಷಧದ ಬಾಟಲಿ ತೆರೆಯಲು ನಾನು ಯಾರನ್ನೂ ಬಿಡುವುದಿಲ್ಲ. ಇನ್ನೊಂದು ಮಾತು: ಇದು ಚರ್ಮದ ಮೂಲಕವೂ ಒಳಸೇರುತ್ತದೆ. ಬಸುರಿಯರು, ಉಬ್ಬಸ ಇರುವವರು ಸಿರಿಂಜನ್ನು ಮುಟ್ಟಲೇಬಾರದು. ದನ ನೋಡಿಕೊಳ್ಳುವವರು ಬಹುತೇಕ ಹೆಂಗಸರೇ ಆಗಿರುವ ನಾಡಿನಲ್ಲಿ ಇದನ್ನು ಮೊದಲು ಹೇಳಬೇಕು.

ತಿರುವನಂತಪುರಕ್ಕೆ ಬಂದ ಮೇಲೆ, ನೆಡುಮಂಗಾಡ್ ಕಡೆ, ಬೇರೆಯೇ ಬಗೆಯ ಮನೆಗಳು ಸಿಕ್ಕವು. ಗಂಡಹೆಂಡಿರಿಬ್ಬರೂ ಹಾಲು ಕರೆದು ಕೆಲಸಕ್ಕೆ ಹೊರಟರೆ ಬೆದೆ ನೋಡುವವರಾರು? ಅಂಥಲ್ಲಿ ಓವ್‌ಸಿಂಕ್ ಎಂಬ ವಿಧಾನ ನಿಜವಾಗಿ ಉಪಕಾರಿ. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೂಪುಗೊಂಡ ಕ್ರಮ: ಮೊದಲ ದಿನ ಅಂಡ ಬಿಡುಗಡೆಗೆ ಪ್ರಚೋದಿಸುವ ಹಾರ್ಮೋನು ಜಿಎನ್ಆರ್‌ಎಚ್, ಏಳು ದಿನ ಬಿಟ್ಟು ಪ್ರೋಸ್ಟಗ್ಲ್ಯಾಂಡಿನ್, ಎರಡು ದಿನ ಬಿಟ್ಟು ಮತ್ತೆ ಜಿಎನ್ಆರ್‌ಎಚ್, 16ರಿಂದ 20 ಗಂಟೆಯ ನಂತರ ವೀರ್ಯ. ಬೆದೆಯನ್ನು ಕಣ್ಣಿಂದ ನೋಡಬೇಕಿಲ್ಲ. ಹತ್ತರಲ್ಲಿ ಮೂರ್ನಾಲ್ಕು ದನ ಗಬ್ಬವಾದರೆ ಒಳ್ಳೆಯ ಫಲವೆನ್ನಬೇಕು. ಇದನ್ನು ಮೊದಲೇ ಹೇಳದಿದ್ದರೆ ಜನ ನಂಬಿಕೆ ಕಳೆದುಕೊಳ್ಳುತ್ತಾರೆ, ಅದು ನ್ಯಾಯವೂ ಹೌದು.

ಅಂಡಾಶಯ ಚಿಕ್ಕದಾಗಿ ನುಣುಪಾಗಿ ಕೈಗೆ ಸಿಗುವ ದನಗಳೇ ನನಗೆ ಹೆಚ್ಚು ಸಂಕಟ ಕೊಟ್ಟವು. ಕರು ಹಾಕಿ ಹಾಲು ಏರುತ್ತಿದ್ದಂತೆ, ತಿಂದದ್ದಕ್ಕಿಂತ ಹಾಲಿಗೆ ಹೋಗುವ ಶಕ್ತಿಯೇ ಜಾಸ್ತಿಯಾಗಿ ದನ ಬಡಕಲಾಗುತ್ತದೆ. ಮಿದುಳಿನ ಬುಡದ ಪಿಟ್ಯೂಟರಿಯಿಂದ ಎಲ್‌ಎಚ್ ಹಾರ್ಮೋನು ಆಗಾಗ ಹೊಮ್ಮಿದರೆ ತಾನೇ ಕೋಶಿಕೆ ಬಲಿಯುವುದು? ಅದೇ ವಿರಳವಾಗುತ್ತದೆ. ಪ್ರೊಜೆಸ್ಟರಾನ್ ತುಂಬಿದ ಸಾಧನವನ್ನು ಯೋನಿಯಲ್ಲಿ ಒಂದು ವಾರ ಇಟ್ಟು ತೆಗೆದರೆ ಕೆಲವು ದನಗಳು ಬೆದೆಗೆ ಬರುತ್ತವೆ. ಬರೀ ಬೈಹುಲ್ಲು ತಿಂದು ಪಕ್ಕೆಲುಬು ಎಣಿಸುವಂತಾದ ದನಕ್ಕೆ ನಾನು ಹಸಿರು ಮೇವು, ಖನಿಜ ಮಿಶ್ರಣ, ಮಧ್ಯಾಹ್ನ ಮೈಮೇಲೆ ನೀರು ಎಂದು ಬರೆದುಕೊಡುತ್ತಿದ್ದೆ. ಬೇಸರಪಟ್ಟು ಬೇರೆಯವರನ್ನು ಕರೆಸಿಕೊಂಡವರಿದ್ದಾರೆ. ಆದರೂ ಅಂಥ ದನಕ್ಕೆ ಮೊದಲು ಬೇಕಾದದ್ದು ತೀನಿಯೇ ಎಂದು ಈಗಲೂ ಹೇಳುತ್ತೇನೆ.

ಗೋಡೆಯ ಕ್ಯಾಲೆಂಡರಿನಲ್ಲಿ ಬೆದೆಯ ತಾರೀಖು ಬರೆದಿಡುವ ರೂಢಿ ಇರುವ ಮನೆಗಳಲ್ಲಿ ನನ್ನ ಸಿರಿಂಜಿಗೆ ಕೆಲಸ ಕಡಿಮೆ. 18ನೇ ದಿನದಿಂದ ರಾತ್ರಿ ಮಲಗುವ ಮುನ್ನ, ನಸುಕಿನಲ್ಲಿ ಎದ್ದೊಡನೆ ಬಾಲದಡಿ ನೋಡಿದರೆ ಸಾಕು. ಗಾಜಿನಂಥ ಲೋಳೆ, ಕೂಗು, ಹಾಲಿನ ಇಳಿತ. ಮುಂಜಾನೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ವೀರ್ಯ ಕೊಡಿಸಬೇಕು. ಇವೆಲ್ಲ ತಪ್ಪಿಹೋಗಿ, ಒಂದು ದಿನ ಬಾಲಕ್ಕೆ ಅಂಟಿದ ರಕ್ತ ಕಂಡು ಗಾಬರಿಯಿಂದ ಫೋನ್ ಮಾಡುವವರಿಗೆ ನಾನು ಹೇಳುವುದಿಷ್ಟೇ: ಅದು ರೋಗವಲ್ಲ, ಬೆದೆ ಮುಗಿದು ಒಂದೆರಡು ದಿನವಾಯಿತು. ಇವತ್ತಿನ ತಾರೀಖು ಬರೆದುಕೊಳ್ಳಿ, ಹದಿನಾರನೇ ದಿನದಿಂದ ರಾತ್ರಿಯೂ ಹಟ್ಟಿಗೆ ಹೋಗಿ ನೋಡಿ.